ಯೋಗಾರಂಭವೂ ಗೃಹಸ್ಥಧರ್ಮವೂ

ಯೋಗವೆಂಬ ಶಬ್ದವು ಇಂದು ಎಲ್ಲರ ಬಾಯಲ್ಲಿಯೂ ಇದೆ. 2014ನೆಯ ಇಸವಿಯ ಡಿಸೆಂಬರ ತಿಂಗಳಲ್ಲಿ ವಿಶ್ವಸಂಸ್ಥೆಯು ಜೂನ್ 21ನ್ನು ಅಂತರರಾಷ್ಟ್ರೀಯ ಯೋಗದಿನವೆಂದು ಸಾರಿತು. 2015ರಿಂದ ಪ್ರತಿವರ್ಷ ಆ ದಿನ ಶಾಲೆಗಳ ಬಯಲಿನಲ್ಲಿ ಜಮಖಾನೆಗಳನ್ನು ಹಾಸುವರು. ಮರುದಿನ ಅವು ಸುರುಳಿ ಸುತ್ತಿ ಮೂಲೆಗೆ ಸೇರುವದೂ ಉಂಟು. ಇನ್ನೊಂದು ಕಡೆ, ಯೋಗವೆಂದರೆ ಗವಿಯಲ್ಲಿ ಕುಳಿತ ವಿರಕ್ತರಿಗೆ ಮಾತ್ರ ಸಲ್ಲುವ ಸಾಧನೆಯೆಂಬ ಭಾವನೆಯೂ ಜನಮನದಿಂದ ಅಳಿದಿಲ್ಲ. ಒಂದು ದಿನದ ಪ್ರದರ್ಶನಕ್ಕೂ ಒಂದು ಜನ್ಮದ ವೈರಾಗ್ಯಕ್ಕೂ ನಡುವೆ ಸಂಸಾರದ ನೊಗ ಹೊತ್ತ ಗೃಹಸ್ಥನು ನಿಂತಿರುವನು. ಅವನಿಗೆ ಯೋಗದಿಂದ ಆಗಬೇಕಾದುದೇನು, ಅವನು ಆರಂಭಿಸಬೇಕಾದುದು ಎಲ್ಲಿಂದ, ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಗೋಕಾಕ ಸೀಮೆಯ ಮಮದಾಪುರದಂಥ ಊರಿನಲ್ಲಿ ಒಕ್ಕಲುತನ ಮಾಡುವ ಒಬ್ಬ ಸದ್ಭಕ್ತನನ್ನು ಮನಸ್ಸಿಗೆ ತಂದುಕೊಂಡರೆ ಈ ಪ್ರಶ್ನೆಯ ಭಾರವು ತಿಳಿಯುವದು. ಅವನು ನಸುಕಿನಲ್ಲಿ ಎದ್ದು ದನಕರುಗಳಿಗೆ ಮೇವು ಹಾಕುವನು. ಹಗಲೆಲ್ಲ ಕಬ್ಬಿನ ಸಾಲಿನಲ್ಲಿ, ಗೋವಿನಜೋಳದ ಹೊಲದಲ್ಲಿ ದುಡಿಯುವನು. ವಿದ್ಯುತ್ತು ರಾತ್ರಿ ಬಂದರೆ ನಡುರಾತ್ರಿಯಲ್ಲಿ ಎದ್ದು ಹೋಗಿ ನೀರು ಹಾಯಿಸುವನು. ನಲವತ್ತು ದಾಟುವಷ್ಟರಲ್ಲಿ ಸೊಂಟ ಹಿಡಿಯುವದು, ಮೊಣಕಾಲು ನೋಯುವದು. ಬೆಳೆಯ ಬೆಲೆ, ಸಾಲದ ಕಂತು, ಮಕ್ಕಳ ಓದು ಇವುಗಳ ಚಿಂತೆಯಿಂದ ನಿದ್ರೆಯು ದೂರವಾಗುವದು. ಯಾರೋ ಹಿತೈಷಿಗಳು ಯೋಗಾಭ್ಯಾಸ ಮಾಡೆಂದು ಹೇಳುವರು. ಆಗ ಅವನಲ್ಲಿ ಒಂದು ಶಂಕೆಯು ಏಳುವದು: ದಿನಕ್ಕೆ ಅರ್ಧ ಗಂಟೆಯನ್ನು ಸ್ವಂತ ಶರೀರಕ್ಕಾಗಿ ತೆಗೆದಿಡುವದು ಕಾಯಕಕ್ಕೂ ದಾಸೋಹಕ್ಕೂ ಎಸಗಿದ ಅಪಚಾರವಾಗದೇ? ಈ ಶಂಕೆಯು ಧರ್ಮವನ್ನು ಬಲ್ಲವನಲ್ಲಿಯೇ ಏಳತಕ್ಕದ್ದು. ಅದನ್ನು ಸೋಮಾರಿಯ ನೆಪವೆಂದು ತಳ್ಳಿಹಾಕಲಾಗದು.

ಪೂರ್ವಪಕ್ಷವನ್ನು ಪೂರ್ಣವಾಗಿ ಕೇಳಿಯೇ ಉತ್ತರ ಹೇಳುವದು ಶಾಸ್ತ್ರದ ಕ್ರಮ. ಪೂರ್ವಪಕ್ಷದವರು ಮೂರು ಮಾತುಗಳನ್ನು ಆಡುವರು. ಮೊದಲನೆಯದಾಗಿ, ದುಡಿಯುವವನಿಗೆ ದುಡಿಮೆಯೇ ವ್ಯಾಯಾಮವಾಗಿರುವಾಗ ಬೇರೆ ಆಸನಗಳ ಅವಶ್ಯಕತೆ ಏನಿದೆ? ಎರಡನೆಯದಾಗಿ, ಶರಣರು ಕಾಯಕವನ್ನೇ ಪೂಜೆಯೆಂದು ತಿಳಿದವರು. ಕೈಕಾಲು ಮಡಚಿ ಕುಳಿತುಕೊಳ್ಳುವದು ಆ ಮಾರ್ಗಕ್ಕೆ ವಿರುದ್ಧವಲ್ಲವೇ? ಮೂರನೆಯದಾಗಿ, ಮೋಕ್ಷಸಾಧನವಾದ ಯೋಗವನ್ನು ಸೊಂಟನೋವಿನ ಮದ್ದಾಗಿ ಬಳಸುವದು ಕಲ್ಪವೃಕ್ಷದ ಕೆಳಗೆ ನಿಂತು ಉರುವಲು ಬೇಡಿದಂತಾಗದೇ?

ಮೊದಲನೆಯ ಮಾತಿಗೆ ಶರೀರದ ಅನುಭವವೇ ಉತ್ತರ ಕೊಡುವದು. ಕಬ್ಬು ಕಡಿಯುವವನು ದಿನವಿಡೀ ಮುಂದಕ್ಕೆ ಬಾಗುವನು. ಹಿಂದಕ್ಕೆ ಬಾಗುವ ಪ್ರಸಂಗವೇ ಅವನಿಗೆ ಬರುವದಿಲ್ಲ. ಗಿರಣಿಯಲ್ಲಿ ಯಂತ್ರದ ಮುಂದೆ ನಿಲ್ಲುವವನು ತಾಸುಗಟ್ಟಲೆ ನಿಂತೇ ಇರುವನು. ಅಂಗಡಿಯವನೂ ಕಚೇರಿಯ ಗುಮಾಸ್ತನೂ ಕುಳಿತೇ ಇರುವರು. ಕೆಲಸವು ಒಂದು ಅಂಗದಿಂದ ತನಗೆ ಬೇಕಾದುದನ್ನು ತೆಗೆದುಕೊಳ್ಳುವದು. ಆ ಅಂಗಕ್ಕೆ ಏನು ಬೇಕೆಂದು ಕೇಳುವದಿಲ್ಲ. ಒಂದೇ ಸ್ನಾಯು ಎಳೆದೆಳೆದು ಬಿಗಿಯಾಗುವದು, ಅದರ ಎದುರಿನ ಸ್ನಾಯು ಬಳಕೆಯಿಲ್ಲದೆ ದುರ್ಬಲವಾಗುವದು. ಆಸನಗಳ ಕೆಲಸವು ಈ ಏರುಪೇರನ್ನು ಸರಿಪಡಿಸುವದು. ಬಾಗಿ ದುಡಿದವನು ಭುಜಂಗಾಸನದಲ್ಲಿ ಎದೆಯನ್ನು ಮೆಲ್ಲಗೆ ಎತ್ತುವಾಗ ದಿನವಿಡೀ ಮುಚ್ಚಿಕೊಂಡಿದ್ದ ಎದೆಗೂಡು ತೆರೆದುಕೊಳ್ಳುವದು.

ಎರಡನೆಯ ಮಾತಿಗೆ ಒಕ್ಕಲುತನದಲ್ಲಿಯೇ ದೃಷ್ಟಾಂತವಿದೆ. ಬಿತ್ತಿಗೆಯ ಕಾಲಕ್ಕೆ ಮುಂಚೆ ರೈತನು ನೇಗಿಲ ಕುಳವನ್ನು ಕಮ್ಮಾರನಲ್ಲಿಗೆ ಒಯ್ದು ಕಾಸಿ ಬಡಿಸಿ ಹರಿತಗೊಳಿಸುವನು. ಆ ಹೊತ್ತು ಹೊಲಕ್ಕೆ ನಷ್ಟವಾಯಿತೆಂದು ಯಾರೂ ಹೇಳುವದಿಲ್ಲ. ಕಾಯಕವೆಂಬ ಶಬ್ದದಲ್ಲಿಯೇ ಕಾಯವಿದೆ. ಕಾಯವು ಕುಂದಿದಾಗ ಕಾಯಕವೂ ಕುಂದುವದು. ಕಾಯಕವು ಕುಂದಿದಾಗ ದಾಸೋಹಕ್ಕೆ ನೀಡುವ ಕೈಯು ಬೇಡುವ ಕೈಯಾಗುವದು. ಅದಲ್ಲದೆ, ವೀರಶೈವ ಮತದಲ್ಲಿ ಶರೀರಕ್ಕೆ ಒಂದು ವಿಶೇಷ ಸ್ಥಾನವಿದೆ. ದೀಕ್ಷೆಯನ್ನು ಪಡೆದವನ ಅಂಗದ ಮೇಲೆ ಇಷ್ಟಲಿಂಗವು ನೆಲೆಸಿರುವದು. ಸ್ಥೂಲಶರೀರಕ್ಕೆ ಇಷ್ಟಲಿಂಗ, ಸೂಕ್ಷ್ಮಶರೀರಕ್ಕೆ ಪ್ರಾಣಲಿಂಗ, ಕಾರಣಶರೀರಕ್ಕೆ ಭಾವಲಿಂಗ ಎಂಬ ಸಂಬಂಧವನ್ನು ಆಚಾರ್ಯರೂ ಶರಣರೂ ತಿಳಿಸಿರುವರು. ಬಸವಣ್ಣನವರು ದೇಹವನ್ನೇ ದೇಗುಲವೆಂದು ಕಂಡರು. ದೇಗುಲವನ್ನು ಗುಡಿಸಿ ಸಾರಿಸುವವನು ಅದರ ಒಡೆಯನೆಂದು ಬೀಗುವದಿಲ್ಲ; ಗುಡಿಸದೆ ಬಿಡುವದೂ ಇಲ್ಲ. ಶರೀರದ ವಿಷಯದಲ್ಲಿ ಭಕ್ತನು ತಳೆಯಬೇಕಾದ ಭಾವವೂ ಇದೇ. ದೇಹವನ್ನು ದಂಡಿಸುವದಾಗಲಿ ದೇಹವನ್ನೇ ಆರಾಧಿಸುವದಾಗಲಿ ಲಿಂಗವಂತನಿಗೆ ಸಲ್ಲದು.

ಮೂರನೆಯ ಮಾತು ಸೂಕ್ಷ್ಮವಾದದ್ದು. ನೋವಿನ ನಿಮಿತ್ತದಿಂದ ಯೋಗಕ್ಕೆ ಬರುವದು ಹೀನವೇ? ಪತಂಜಲಿ ಮಹರ್ಷಿಗಳು ಯೋಗದ ಅಂತರಾಯಗಳನ್ನು ಎಣಿಸುವಾಗ ವ್ಯಾಧಿಯನ್ನೇ ಮೊದಲು ಹೆಸರಿಸಿರುವರು. ಹಠಯೋಗದ ಗ್ರಂಥಕಾರರು ಶರೀರವನ್ನು ಹಸಿ ಮಡಕೆಗೆ ಹೋಲಿಸಿ, ಯೋಗಾಗ್ನಿಯಲ್ಲಿ ಬೆಂದ ಮಡಕೆಯಲ್ಲಿಯೇ ನೀರು ನಿಲ್ಲುವದೆಂದು ಬೋಧಿಸಿರುವರು. ಹಸಿದು ಮಠಕ್ಕೆ ಬಂದವನಿಗೆ ಮೊದಲು ಪ್ರಸಾದ, ಆಮೇಲೆ ಉಪದೇಶ. ಅದರಂತೆಯೇ ನೊಂದು ಬಂದವನು ನೋವಿನ ಉಪಶಮನವನ್ನು ಮೊದಲು ಪಡೆದರೆ ದೋಷವಿಲ್ಲ. ಪಡೆದು ಅಲ್ಲಿಯೇ ನಿಂತುಬಿಟ್ಟರೆ ಮಾತ್ರ ಕೊರತೆಯುಂಟು.

ದುರ್ಬಲನಾಗಿ ಬಂದವನು ಎಲ್ಲಿಯ ವರೆಗೆ ಹೋಗಬಲ್ಲನೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಪ್ರಸಿದ್ಧ ನಿದರ್ಶನವಿದೆ. ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರು ಅರಸರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದರು. 1934ರಲ್ಲಿ ‘ಯೋಗಮಕರಂದ’ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದರು. ಅದೇ 1934ರಲ್ಲಿ ಅವರ ಬಳಿಗೆ ಒಬ್ಬ ಬಾಲಕನು ಬಂದನು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಆ ಬಾಲಕನು ಮಲೇರಿಯ, ವಿಷಮಜ್ವರ, ಕ್ಷಯ ಇವುಗಳಿಂದ ಬಳಲಿ ಕೃಶನಾಗಿದ್ದನು. ಮುಂದಕ್ಕೆ ಬಾಗಿದರೆ ಕೈಬೆರಳು ನೆಲಕ್ಕೆ ಎಟಕುತ್ತಿರಲಿಲ್ಲ. ಅವರೇ ಮುಂದೆ ಲೋಕವಿಖ್ಯಾತರಾದ ಬಿ. ಕೆ. ಎಸ್. ಅಯ್ಯಂಗಾರ್ಯರು. ಈ ಕಥೆಯಲ್ಲಿ ಬೆಳಗಾವಿಗೂ ಒಂದು ಪಾಲುಂಟು. ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ. ಬಿ. ಗೋಖಲೆಯವರು ಆ ತರುಣನ ಅಭ್ಯಾಸವನ್ನು ಕಂಡು ಮೆಚ್ಚಿ, 1937ರಲ್ಲಿ ಅವರು ಪುಣೆಗೆ ಶಿಕ್ಷಕರಾಗಿ ಹೋಗುವದಕ್ಕೆ ಕಾರಣರಾದರು. ನೆಲಕ್ಕೆ ಕೈ ಎಟಕದವನೂ ಯೋಗಕ್ಕೆ ಅಧಿಕಾರಿಯೇ ಎಂಬ ಧೈರ್ಯವನ್ನು ಆರಂಭಿಕರು ಇದರಿಂದ ಪಡೆಯಬಹುದು.

ಇಂದಿನ ವೈದ್ಯರೂ ಈ ವಿಷಯವನ್ನು ಪರೀಕ್ಷಿಸದೆ ಬಿಟ್ಟಿಲ್ಲ. ದೀರ್ಘಕಾಲದ ಸೊಂಟನೋವುಳ್ಳ 1080 ಜನರನ್ನು ಒಳಗೊಂಡ 12 ಪ್ರಯೋಗಗಳನ್ನು ತೂಗಿನೋಡಿದ ಒಂದು ಕೊಕ್ರೇನ್ ಸಮೀಕ್ಷೆಯು 2017ರಲ್ಲಿ ಪ್ರಕಟವಾಯಿತು. ಏನೂ ವ್ಯಾಯಾಮವಿಲ್ಲದೆ ಇರುವದಕ್ಕಿಂತ ಯೋಗಾಭ್ಯಾಸದಿಂದ ಕೆಲವು ತಿಂಗಳುಗಳಲ್ಲಿ ನಡೆದಾಡುವ, ದುಡಿಯುವ ಶಕ್ತಿಯು ಅಲ್ಪದಿಂದ ಮಧ್ಯಮ ಪ್ರಮಾಣದಲ್ಲಿ ಸುಧಾರಿಸುವದೆಂದೂ, ಕೆಲವರಿಗೆ ಅಭ್ಯಾಸದಿಂದಲೇ ಬೆನ್ನುನೋವು ಹೆಚ್ಚಿದ್ದುಂಟೆಂದೂ ಅದು ತಿಳಿಸಿತು. ಅದೇ ವರ್ಷ ಅಮೆರಿಕದ ವೈದ್ಯರ ಒಂದು ಪ್ರಮುಖ ಸಂಸ್ಥೆಯು ಇಂಥ ನೋವಿಗೆ ಔಷಧಕ್ಕಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳ ಸಾಲಿನಲ್ಲಿ ಯೋಗವನ್ನೂ ಸೇರಿಸಿತು. ಇದರಲ್ಲಿ ಪವಾಡವಿಲ್ಲ, ಸುಳ್ಳೂ ಇಲ್ಲ. ಸರ್ವರೋಗವೂ ಯೋಗದಿಂದ ನಾಶವೆಂದು ಸಾರುವವರ ಮಾತನ್ನು ನಂಬಿ ಮಧುಮೇಹದ ಗುಳಿಗೆಯನ್ನೋ ರಕ್ತದೊತ್ತಡದ ಔಷಧವನ್ನೋ ಬಿಟ್ಟುಬಿಡುವದು ಅವಿವೇಕ.

ಆರಂಭಿಕನ ಅಭ್ಯಾಸವು ಸರಳವಾಗಿರತಕ್ಕದ್ದು. ಸೂರ್ಯೋದಯಕ್ಕೆ ಮುಂಚೆ, ಹೊಟ್ಟೆಯು ಬರಿದಾಗಿರುವಾಗ, ಗಾಳಿಯಾಡುವ ಸ್ಥಳದಲ್ಲಿ ಒಂದು ಕಂಬಳಿಯನ್ನು ಹಾಸಿಕೊಂಡರೆ ಸಾಕು. ತಾಡಾಸನದಲ್ಲಿ ನೆಟ್ಟಗೆ ನಿಲ್ಲುವದು, ಪವನಮುಕ್ತಾಸನದಲ್ಲಿ ಮೊಣಕಾಲನ್ನು ಎದೆಗೆ ತರುವದು, ಭುಜಂಗಾಸನ, ಸಾಧ್ಯವಾದರೆ ವಜ್ರಾಸನ, ಕೊನೆಗೆ ಶವಾಸನ. ಇಷ್ಟನ್ನು ಇಪ್ಪತ್ತು ಮಿನಿಟುಗಳಲ್ಲಿ ಮಾಡಬಹುದು. ಪತಂಜಲಿಗಳು ಆಸನಕ್ಕೆ ಕೇಳಿದ ಲಕ್ಷಣಗಳು ಎರಡೇ: ಸ್ಥಿರತೆ ಮತ್ತು ಸುಖ. ನೋವು ಬಂದಲ್ಲಿ ನಿಲ್ಲಿಸಬೇಕು. ಉಸಿರನ್ನು ಬಲವಂತದಿಂದ ಕಟ್ಟಬಾರದು. ರಕ್ತದೊತ್ತಡ, ಹೃದ್ರೋಗ, ಕಣ್ಣಿನ ಒತ್ತಡದ ರೋಗ, ಅಂತ್ರವೃದ್ಧಿ ಇವುಗಳುಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ತೊಡಗಬೇಕು. ಶೀರ್ಷಾಸನಾದಿಗಳನ್ನು ಗುರುವಿಲ್ಲದೆ ಯಾರೂ ಮಾಡಬಾರದು. ಆಮೇಲೆ ಸುಖಾಸನದಲ್ಲಿ ಕುಳಿತು ಹತ್ತು ಮಿನಿಟು ಉಸಿರಾಟವನ್ನು ಗಮನಿಸುವದು. ಉಸಿರನ್ನು ಒಳಗೆ ತೆಗೆದುಕೊಂಡ ಹೊತ್ತಿಗಿಂತ ಹೊರಗೆ ಬಿಡುವ ಹೊತ್ತು ತುಸು ದೀರ್ಘವಾಗಿರಲಿ. ಉಸಿರು ಹೊರಹೋಗುವಾಗ ನಾಡಿಯ ವೇಗವು ತಗ್ಗುವದೆಂಬುದನ್ನು ಮಣಿಕಟ್ಟಿನ ಮೇಲೆ ಬೆರಳಿಟ್ಟು ಯಾರಾದರೂ ನೋಡಿಕೊಳ್ಳಬಹುದು.

ಲಿಂಗವಂತನಿಗೆ ಈ ಅಭ್ಯಾಸವು ಹೊರಗಿನಿಂದ ತಂದ ವಸ್ತುವೇನೂ ಆಗಿರುವದಿಲ್ಲ. ವಾಮಕರಸ್ಥಲದಲ್ಲಿ ಇಷ್ಟಲಿಂಗವನ್ನು ಧರಿಸಿ, ಬೆನ್ನೆಲುಬನ್ನು ನೆಟ್ಟಗಿರಿಸಿ, ದೃಷ್ಟಿಯನ್ನು ಲಿಂಗದಲ್ಲಿ ನಿಲ್ಲಿಸುವ ನಿತ್ಯಪೂಜೆಯಲ್ಲಿ ಆಸನವೂ ಧಾರಣೆಯೂ ಅಡಗಿವೆ. ಸೊಂಟ ಹಿಡಿದವನು ಪೂಜೆಗೆ ಕುಳಿತಾಗ ಅವನ ದೃಷ್ಟಿಯು ಲಿಂಗದ ಮೇಲಿದ್ದರೂ ಮನಸ್ಸು ಸೊಂಟದಲ್ಲಿಯೇ ಇರುವದು. ಅವಸರದ ಉಸಿರಿನವನ ಮನಸ್ಸು ಆಗಲೇ ಸಂತೆಗೆ ಹೋಗಿರುವದು. ಇಪ್ಪತ್ತು ಮಿನಿಟುಗಳ ಆಸನವು ಅದರ ನಂತರದ ಲಿಂಗಪೂಜೆಗೆ ನೆಲವನ್ನು ಹದಗೊಳಿಸುವದು.

ಷಟ್‌ಸ್ಥಲಗಳಲ್ಲಿ ಭಕ್ತನಿಗೆ ಶ್ರದ್ಧಾಭಕ್ತಿ, ಮಾಹೇಶ್ವರನಿಗೆ ನಿಷ್ಠಾಭಕ್ತಿ, ಪ್ರಸಾದಿಗೆ ಅವಧಾನಭಕ್ತಿ ಎಂದು ಹೇಳಿರುವರು. ಆರಂಭಿಕನಿಗೆ ಯೋಗಾಭ್ಯಾಸದಿಂದ ದೊರೆಯುವ ಫಲಗಳನ್ನೂ ಈ ಕ್ರಮದಲ್ಲಿಯೇ ತಿಳಿಯಬಹುದು. ಮೊದಲ ವಾರಗಳಲ್ಲಿ ಶರೀರದ ಬಿಗಿತ ಸಡಿಲುವದು, ನಿದ್ರೆ ಬರುವದು. ಇದರಿಂದ ಶ್ರದ್ಧೆ ಹುಟ್ಟುವದು. ಆಮೇಲೆ ಮಳೆಯಿರಲಿ ಚಳಿಯಿರಲಿ ಅದೇ ಹೊತ್ತಿಗೆ ಕಂಬಳಿ ಹಾಸುವ ನಿಯಮವು ಬೆಳೆದು ನಿಷ್ಠೆಯಾಗುವದು. ಒಂದು ನಿಯಮವನ್ನು ಪಾಲಿಸಬಲ್ಲವನಿಗೆ ಕೊಟ್ಟ ಮಾತನ್ನು ಪಾಲಿಸುವದೂ ಸುಲಭವಾಗುವದು. ಮೂರನೆಯದು ಅವಧಾನ. ಕೋಪ ಬರುವ ಮುಂಚೆ ಉಸಿರು ಬಿರುಸಾಗುವದನ್ನು ಅವನು ಗುರುತಿಸಬಲ್ಲನು. ಮಗನ ಮೇಲೆ ಕೈಯೆತ್ತುವ ಮುನ್ನ, ಆಳಿಗೆ ಬಿರುನುಡಿಯಾಡುವ ಮುನ್ನ, ಒಂದು ಉಸಿರಿನಷ್ಟು ಅವಕಾಶವು ಅವನಿಗೆ ದೊರೆಯುವದು. ಸಂಸಾರಿಗೆ ಆ ಒಂದು ಉಸಿರು ದೊಡ್ಡ ಲಾಭ.

ಆದರೆ ಲಾಭವಿದ್ದಲ್ಲಿ ಅಪಾಯವೂ ಉಂಟು. ಗೋಕಾಕದಲ್ಲಿ ಶೂನ್ಯಸಂಪಾದನೆಯ ಹೆಸರನ್ನೇ ಹೊತ್ತ ಮಠವಿದೆ. ಆ ಗ್ರಂಥದಲ್ಲಿ ಬರುವ ಗೋರಕ್ಷನ ಪ್ರಸಂಗವನ್ನು ಈ ಭಾಗದ ಭಕ್ತರು ಕೇಳಿಯೇ ಇರುವರು. ಗೋರಕ್ಷನು ಸಾಧನೆಯಿಂದ ವಜ್ರಕಾಯನಾಗಿದ್ದನು. ತನ್ನನ್ನು ಖಡ್ಗದಿಂದ ಹೊಡೆದು ನೋಡೆಂದು ಅಲ್ಲಮಪ್ರಭುಗಳನ್ನು ಕೇಳಿದನು. ಹೊಡೆದಾಗ ಖಡ್ಗವು ಖಣಿಲೆಂದಿತು. ಅದೇ ಖಡ್ಗದಿಂದ ಗೋರಕ್ಷನು ಪ್ರಭುಗಳನ್ನು ಹೊಡೆದಾಗ ಅದು ಬಯಲನ್ನು ಹಾಯ್ದಂತೆ ಹಾಯ್ದುಹೋಯಿತು. ಗೋರಕ್ಷನ ಸಾಧನೆಯು ಅಲ್ಪವಾದುದಾಗಿರಲಿಲ್ಲ. ಆದರೆ ಗಟ್ಟಿಯಾದ ದೇಹದೊಡನೆ “ನಾನು” ಎಂಬುದೂ ಗಟ್ಟಿಯಾಗಿತ್ತು. ಖಡ್ಗದ ಸದ್ದು ಅದರ ಸದ್ದು. ಇಂದಿನ ಆರಂಭಿಕನಿಗೆ ವಜ್ರಕಾಯದ ಭಯವಿಲ್ಲ. ಆದರೂ ತಿಂಗಳೊಪ್ಪತ್ತಿನ ಅಭ್ಯಾಸದಲ್ಲಿಯೇ ತನ್ನ ಆಸನದ ಚಿತ್ರವನ್ನು ಮೊಬೈಲಿನಲ್ಲಿ ನಾಲ್ಕು ಜನಕ್ಕೆ ಕಳಿಸುವ, ಸ್ಥೂಲಕಾಯರನ್ನು ಕಂಡು ನಗುವ ಚಾಪಲ್ಯವು ಬರಬಹುದು. ಆಗ ಖಡ್ಗವು ಸಣ್ಣದಾಗಿ ಸದ್ದು ಮಾಡಿತೆಂದೇ ತಿಳಿಯಬೇಕು.

ಇದಕ್ಕಿಂತ ಮರೆಯಾದ ಇನ್ನೊಂದು ದೋಷವಿದೆ. ಗೃಹಸ್ಥನ ವಿಷಯದಲ್ಲಿ ಅದೇ ಮುಖ್ಯವಾದದ್ದು. ಯೋಗದ ಎಂಟು ಅಂಗಗಳಲ್ಲಿ ಆಸನವು ಮೂರನೆಯದು. ಅದಕ್ಕೆ ಮುಂಚೆ ಯಮ, ನಿಯಮಗಳು ಬರುವವು. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಇವು ಯಮಗಳು. ಅಸ್ತೇಯವೆಂದರೆ ಪರರ ವಸ್ತುವನ್ನು ಕದಿಯದಿರುವದು. ಈಗ ನಸುಕಿನ ಆ ಅರ್ಧ ಗಂಟೆಯನ್ನು ಪರೀಕ್ಷಿಸಬೇಕು. ಯಜಮಾನನು ಕಂಬಳಿಯ ಮೇಲೆ ಕಣ್ಣು ಮುಚ್ಚಿ ಕುಳಿತಿರುವಾಗ ಅಂಗಳ ಸಾರಿಸುವವರು ಯಾರು? ನೀರು ತುಂಬುವವರು, ಎಮ್ಮೆ ಹಿಂಡುವವರು, ಒಲೆ ಹೊತ್ತಿಸಿ ರೊಟ್ಟಿ ಬಡಿಯುವವರು ಯಾರು? ಅವನು ಹಾಕಬೇಕಾಗಿದ್ದ ಮೇವನ್ನೂ ಮನೆಯ ಹೆಣ್ಣುಮಗಳೇ ಹಾಕಬೇಕಾದರೆ, ಅವನ ಶಾಂತಿಯ ಬೆಲೆಯನ್ನು ಅವಳ ಸೊಂಟವು ತೆರುತ್ತದೆ. ಕಾಯಕದಿಂದ ಹೊತ್ತನ್ನು ಕದ್ದೆನೇ ಎಂದು ಅಂಜಿದ ಸದ್ಭಕ್ತನು ಮನೆಯಾಕೆಯಿಂದ ಕದ್ದುದನ್ನು ಕಾಣದೆ ಹೋಗಬಹುದು. ಅಂಥ ಅಭ್ಯಾಸದಲ್ಲಿ ಮೂರನೆಯ ಅಂಗವು ಸಾಗುತ್ತಿರುವಾಗಲೇ ಮೊದಲನೆಯದು ಮುರಿದಿರುವದು.

ಶರಣರು ಸ್ತ್ರೀಯರಿಗೂ ಪುರುಷರಿಗೂ ಒಂದೇ ಲಿಂಗದೀಕ್ಷೆಯನ್ನು ಕೊಟ್ಟರು. ಕೊರಳಲ್ಲಿ ಲಿಂಗವಿದ್ದ ಮೇಲೆ ಲಿಂಗಪೂಜೆಗೆ ಬೇಕಾದ ನಿರಾಳವಾದ ಹೊತ್ತೂ ಅವಳ ಹಕ್ಕು. ಬಾಗಿ ದುಡಿದು ನೋಯುವ ಬೆನ್ನು ಅವಳಿಗೂ ಇದೆ. ‘ಯೋಗಾಂಗತ್ರಿವಿಧಿ’ಯು ಅಕ್ಕಮಹಾದೇವಿಯ ಹೆಸರಿನಲ್ಲಿ ಬಂದ ಕೃತಿಯೆಂಬುದನ್ನು ನೆನೆಯಬೇಕು, ಯೋಗವು ಗಂಡಸರ ಸೊತ್ತೆಂದು ಶರಣಪರಂಪರೆಯು ಎಂದೂ ತಿಳಿದಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಮರಳಿ ಸುರಿದು ಬರಲು ಹೇಳಿದಳು. ಹೊತ್ತಿನ ವಿಷಯದಲ್ಲಿಯೂ ಅದೇ ನ್ಯಾಯವು ಸಲ್ಲುವದು. ಗಂಡನ ಪಾಲಿಗೆ ಹೆಚ್ಚಾಗಿ ಬಂದ ವಿಶ್ರಾಂತಿಯು ಯಾರ ಪಾಲಿನದೋ ಆಗಿರುವದು. ಅದನ್ನು ಮರಳಿಸುವದೇ ಶರಣಧರ್ಮ. ಆದಕಾರಣ ಗೃಹಸ್ಥನು ಯೋಗವನ್ನು ಆರಂಭಿಸುವ ಮುನ್ನಾದಿನ ಮಾಡಬೇಕಾದ ಕಾರ್ಯವೊಂದುಂಟು: ಮನೆಯವರೊಡನೆ ಕುಳಿತು ಬೆಳಗಿನ ಕೆಲಸಗಳನ್ನು ಹಂಚಿಕೊಳ್ಳುವದು. ಅವನ ಅರ್ಧ ಗಂಟೆಯಾದ ಮೇಲೆ ಅವಳ ಅರ್ಧ ಗಂಟೆ. ಆಗ ಒಲೆಯೂ ದನಗಳೂ ಅವನ ಪಾಲಿಗೆ.

ಯೋಗವನ್ನು ಇಡಿಯ ಬಾಳಿನೊಡನೆ ಬೆಸೆದ ಉದಾಹರಣೆಗಳು ದೂರದಲ್ಲಿಲ್ಲ. ಹಾನಗಲ್ಲ ಶ್ರೀ ಕುಮಾರ ಮಹಾಶಿವಯೋಗಿಗಳು 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅಲ್ಲಿ ವಟುಗಳಿಗೆ ಯೋಗಾಭ್ಯಾಸವಿತ್ತು. ಅದರೊಡನೆ ಸಂಸ್ಕೃತ ಕನ್ನಡಗಳ ವ್ಯಾಸಂಗವೂ ಸಂಗೀತವೂ ಗೋಸೇವೆಯೂ ವಿಭೂತಿಯ ತಯಾರಿಕೆಯೂ ಇದ್ದವು. ಆಸನದಿಂದ ಎದ್ದವನು ಗೋಶಾಲೆಗೆ ಹೋಗಬೇಕಾಗಿತ್ತು. ಅದರಂತೆಯೇ ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾಗುವ ವರೆಗೆ ಅನೇಕ ದಶಕಗಳ ಕಾಲ ಊರೂರಿಗೆ ಹೋಗಿ ಯೋಗಸೂತ್ರಗಳನ್ನೂ ವಚನಗಳನ್ನೂ ಒಕ್ಕಲಿಗರಿಗೆ ತಿಳಿಯುವ ಕನ್ನಡದಲ್ಲಿ ವಿವರಿಸಿದರು. ಅವರು ತೊಡುತ್ತಿದ್ದ ಅಂಗಿಗೆ ಜೇಬು ಇರಲಿಲ್ಲವೆಂಬುದು ಸರ್ವವಿದಿತ. ಅಪರಿಗ್ರಹವೆಂಬ ಯಮವನ್ನು ಅವರು ಹಾಗೆ ಆಚರಿಸಿ ತೋರಿದರು.

ಹೀಗಿರುವಲ್ಲಿ, ಅಭ್ಯಾಸವು ಸರಿಯಾದ ದಾರಿಯಲ್ಲಿದೆಯೋ ಇಲ್ಲವೋ ಎಂಬುದನ್ನು ಆರಂಭಿಕನು ಹೇಗೆ ಅರಿಯಬೇಕು? ಕೈಯು ಪಾದಕ್ಕೆ ಎಟಕಿತೇ ಎಂಬುದು ಒರೆಗಲ್ಲಾಗಲಾರದು. ಆರು ತಿಂಗಳ ಮೇಲೆ ಮೂರು ವಿಷಯಗಳನ್ನು ನೋಡಿಕೊಂಡರೆ ಸಾಕು. ಕಾಯಕದಲ್ಲಿ ಶುದ್ಧಿ ಹೆಚ್ಚಿತೇ, ಇಲ್ಲವೇ ಕಾಯಕದಿಂದ ತಪ್ಪಿಸಿಕೊಳ್ಳುವ ನೆಪ ಹೆಚ್ಚಿತೇ? ಜಂಗಮ ಬಂದಾಗ, ಹಸಿದವನು ಬಂದಾಗ, ಏಳುವ ಕಾಲು ಹಗುರವಾಯಿತೇ? ಮನೆಯಲ್ಲಿ ಮಕ್ಕಳು ಅಪ್ಪನ ಹೆಜ್ಜೆಯ ಸಪ್ಪಳ ಕೇಳಿ ಸುಮ್ಮನಾಗುವರೋ, ಓಡಿಬರುವರೋ? ಈ ಕೊನೆಯ ಪ್ರಶ್ನೆಗೆ ಯೋಗಶಾಲೆಯ ಪ್ರಮಾಣಪತ್ರವು ಉತ್ತರ ಹೇಳಲಾರದು.

ಯೋಗವೆಂದರೆ ಕೂಡುವದು. ಅಂಗವು ಲಿಂಗದಲ್ಲಿ ಕೂಡುವದು ಅದರ ಪರಮಾವಧಿ. ಅದು ಗುರುಕೃಪೆಯಿಂದ ಕ್ರಮವಾಗಿ ಸಾಧ್ಯವಾಗತಕ್ಕದ್ದು. ಆರಂಭಿಕ ಗೃಹಸ್ಥನಿಗೆ ಅದಕ್ಕಿಂತ ಸಮೀಪದ ಕೂಟಗಳಿವೆ: ಅವಸರದ ಉಸಿರು ಶರೀರದೊಡನೆ ಕೂಡುವದು, ಅಲೆಯುವ ಮನಸ್ಸು ಕೈಯಲ್ಲಿದ್ದ ಕೆಲಸದೊಡನೆ ಕೂಡುವದು, ಗಂಡನ ಹೊತ್ತು ಹೆಂಡತಿಯ ಹೊತ್ತಿನೊಡನೆ ನ್ಯಾಯವಾಗಿ ಕೂಡುವದು. ಮಮದಾಪುರದ ಆ ಸದ್ಭಕ್ತನು ನಾಳೆಯ ನಸುಕಿನಲ್ಲಿ ನಿಃಶಂಕೆಯಿಂದ ಕಂಬಳಿಯನ್ನು ಹಾಸಲಿ. ಎದ್ದ ಮೇಲೆ ಅದನ್ನು ಮಡಚದೆ ಮುಂದಿನವರಿಗಾಗಿ ಬಿಟ್ಟು, ತಾನು ದನಗಳ ಕಡೆಗೆ ನಡೆಯಲಿ.